ತುಟಿ ಕೂಡದೆ ‘ಅಮ್ಮ’ ಹೇಗಾದೀತು?

ಬಾಗಲಕೋಟೆಯಲ್ಲಿ ನಾನು ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮೊದಲು ಮದುವೆ ಕೆಲಸ ಜಾಸ್ತಿ ಇತ್ತು, ಈಗ ಅಂಗಡಿಗಳ ಜಾಹೀರಾತು. ಈಚೆಗೆ ಇಳಕಲ್ ಸೀರೆ ಅಂಗಡಿಯೊಂದಕ್ಕೆ ಎಐ ಹೆಣ್ಣುಮಗಳನ್ನು ಇಟ್ಟು ಅರ್ಧ ನಿಮಿಷದ ವಿಡಿಯೋ ಮಾಡಿದೆ. ಮೈಬಣ್ಣ, ಮೂಗುತಿ, ಹಣೆ ಮೇಲಿನ ಕೂದಲ ಎಳೆ ಎಲ್ಲ ಸರಿಯಾಗಿತ್ತು. ಮಾಲೀಕರ ತಾಯಿ ಎರಡು ಸಲ ನೋಡಿ ಕೇಳಿದರು: “ತುಟಿ ಕೂಡಸದ ಅಮ್ಮ ಅಂತಾಳಲ್ಲರೀ ಈಕಿ?”

ಹೌದಲ್ವಾ! ಪ, ಬ, ಮ ಹೇಳುವಾಗ ಎರಡೂ ತುಟಿ ಕೂಡಲೇಬೇಕು. ಅದರಲ್ಲೂ ಅಪ್ಪ, ಹಬ್ಬ, ಅಮ್ಮ ಅಂತ ಒತ್ತಕ್ಷರ ಬಂದರೆ ತುಟಿ ಕೂಡಿ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಟೈಮ್‌ಲೈನಿನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಸೆಕೆಂಡಿಗೆ 25 ಫ್ರೇಮ್. ‘ಮ್ಮ’ ಇರುವ ಒಂದೇ ಒಂದು ಫ್ರೇಮಿನಲ್ಲೂ ಬಾಯಿ ಮುಚ್ಚಿರಲಿಲ್ಲ, ತುಟಿಗಳ ನಡುವೆ ಹಲ್ಲಿನ ಬಿಳಿ ಗೆರೆ ಕಾಣುತ್ತಲೇ ಇತ್ತು. ನಾನು ಹತ್ತು ಸಲ ನೋಡಿದ್ದೆ, ಆದರೆ ಬರೀ ಮುಖ ನೋಡಿದ್ದೆ.

ಮುಖ ಮಾತ್ರ ನೋಡಿದರೆ ಅದು ಎಐ ಅಂತ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಸಂಶೋಧಕರಾದ ಸೋಫಿ ನೈಟಿಂಗೇಲ್, ಹ್ಯಾನಿ ಫರೀದ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 315 ಜನರಿಗೆ ನಿಜವಾದ ಮುಖ, ಎಐ ಮುಖ ಬೆರೆಸಿ ತೋರಿಸಿದ್ದರು. ಸರಿ ಉತ್ತರ ಬಂದದ್ದು ಶೇ 48.2ರಷ್ಟು, ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ. ಯಾವ ಮುಖ ನಂಬಬಹುದು ಅಂತ ಬೇರೆಯವರನ್ನು ಕೇಳಿದಾಗ ಎಐ ಮುಖಗಳಿಗೇ ತುಸು ಜಾಸ್ತಿ ಅಂಕ ಬಂತು. ನನಗೆ ಭಯ ಆಗೋದು ಇಲ್ಲೇ. ನಂಬಿಸಿ ಮೋಸ ಮಾಡೋಕೆ ಒಂದು ಫೋಟೋ ಸಾಕು.

ಅದೇ ಮುಖ ಮಾತಾಡಿದಾಗ ನಮ್ಮ ಕಣ್ಣು ಎಚ್ಚರಾಗುತ್ತದೆ. ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೊರಿ 1970ರಲ್ಲೇ ಬರೆದಿದ್ದರು: ಬೊಂಬೆ ಮನುಷ್ಯನಂತೆ ಆಗುತ್ತಾ ಹೋದಷ್ಟೂ ನಮಗೆ ಹಿಡಿಸುತ್ತದೆ, ಆದರೆ ಇನ್ನೇನು ಸ್ವಲ್ಪವೇ ಬಾಕಿ ಅನ್ನುವಾಗ ಒಮ್ಮೆಲೇ ಮೈ ಜುಮ್ಮೆನ್ನುತ್ತದೆ, ಅದು ಅಲುಗಾಡಿದರಂತೂ ಇನ್ನೂ ಜಾಸ್ತಿ.

ಮಾಲೀಕರ ತಾಯಿ ಸೆರಗಿನ ತಪ್ಪನ್ನೂ ಹಿಡಿದರು. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ತೆನಿ ಸಾಲಾಗಿ ಇರುತ್ತದೆ. ನಮ್ಮ ಎಐ ಹೆಣ್ಣುಮಗಳು ತಲೆ ತಿರುಗಿಸಿದ ಕೂಡಲೇ ಏಳು ತೆನಿ ಐದಾಗುತ್ತಿದ್ದವು.

ಆ ವಿಡಿಯೋ ಅಲ್ಲಿಗೇ ಬಿಟ್ಟೆ. ಮರುದಿನ ಅವರ ಸೊಸೆಯೇ ಸೀರೆ ಉಟ್ಟು ಅಂಗಡಿ ಬಾಗಿಲಲ್ಲಿ ನಿಂತು ಮಾತಾಡಿದರು. ನಡುವೆ ಎರಡು ಸಲ ತಡವರಿಸಿದರು. ಅದನ್ನು ನಾನು ಕತ್ತರಿಸಲಿಲ್ಲ.