ಕೈಪಿಡಿಗೆ ಯಾವ ಫಾರ್ಮ್ಯಾಟ್? ಓಪನ್ ಸೋರ್ಸ್ ಯೋಜನೆಗಳ ಹಳೆಯ ತಕರಾರು

ಓಪನ್ ಸೋರ್ಸ್ ಯೋಜನೆಯೊಂದರ ಕೈಪಿಡಿಯನ್ನು ಮಾರ್ಕ್‌ಡೌನ್‌ನಲ್ಲಿ ಬರೆಯಬೇಕೋ, ಆಸ್ಕಿಡಾಕ್‌ನಲ್ಲೋ, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲೋ ಎಂಬ ಚರ್ಚೆ ಹೊರಗಿನವರಿಗೆ ಬರಿಯ ಅಭಿರುಚಿಯ ಜಗಳವಾಗಿ ಕಾಣುತ್ತದೆ. ಇವು ಶೀರ್ಷಿಕೆ, ಪಟ್ಟಿ, ಕೊಂಡಿಗಳನ್ನು ಪಠ್ಯದೊಳಗೇ ಸರಳ ಗುರುತುಗಳಿಂದ ಸೂಚಿಸುವ ಬರಹದ ಫಾರ್ಮ್ಯಾಟ್‌ಗಳು. ಆದರೆ ಈ ಮೂರೂ ಹುಟ್ಟುವ ಮೊದಲೇ, 1971ರ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ರಾಫ್ ಎಂಬ ಫಾರ್ಮ್ಯಾಟ್‌ನಿಂದ ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ಟೆಕ್ಸ್‌ಇನ್ಫೋವನ್ನು ದಾಟಿ 1990ರ ದಶಕದ ಡಾಕ್‌ಬುಕ್‌ವರೆಗೆ ಈ ತಕರಾರು ಬಹುದೂರ ಸಾಗಿ ಬಂದಿತ್ತು.

ಡಾಕ್‌ಬುಕ್‌ನಲ್ಲಿ ಕಮಾಂಡಿನ ಹೆಸರು, ಕಡತದ ಹೆಸರು, ಆಯ್ಕೆ ಇವೆಲ್ಲಕ್ಕೂ ಬೇರೆ ಬೇರೆ ಟ್ಯಾಗ್‌ಗಳು, ಅಂದರೆ ಪದದ ಎರಡೂ ಬದಿ ಇಡುವ ಗುರುತುಗಳು, ಇದ್ದವು. ಒಂದೇ ಮೂಲದಿಂದ ಮುದ್ರಿತ ಪುಸ್ತಕವನ್ನೂ ಜಾಲಪುಟವನ್ನೂ ತಯಾರಿಸಬಹುದಾಗಿತ್ತು. ಆದರೆ ಒಂದು ಸಾಲು ತಿದ್ದಲು ಬಂದವರಿಗೂ ಆ ಟ್ಯಾಗ್‌ಗಳ ಕಾಡನ್ನು ಹೊಕ್ಕು ಬರುವುದು ಅನಿವಾರ್ಯವಾಗಿತ್ತು. ಸರಳ ಪಠ್ಯದಂತೆಯೇ ಓದಿಸಿಕೊಳ್ಳುವ ಆ ಮೂರು ಫಾರ್ಮ್ಯಾಟ್‌ಗಳು 2000ದ ದಶಕದ ಮೊದಲರ್ಧದಲ್ಲಿ ಒಂದರ ಹಿಂದೊಂದು ಬಂದವು.

ಇವುಗಳಲ್ಲಿ 2004ರ ಮಾರ್ಕ್‌ಡೌನ್ ಜಾಲಬರಹಕ್ಕೆಂದು ರೂಪುಗೊಂಡದ್ದೇ ಹೊರತು ಕೈಪಿಡಿಗೆಂದಲ್ಲ. ಅದರ ಮೂಲರೂಪದಲ್ಲಿ ಕೋಷ್ಟಕವಿರಲಿಲ್ಲ, ಅಡಿಟಿಪ್ಪಣಿಯಿರಲಿಲ್ಲ, ಬೇರೆ ಅಧ್ಯಾಯದ ಶೀರ್ಷಿಕೆಯನ್ನು ಗುರುತಿಸಿ ಕೊಂಡಿ ಹಾಕುವ ವ್ಯವಸ್ಥೆಯೂ ಇರಲಿಲ್ಲ. ಇಲ್ಲದ್ದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಸೇರಿಸಿಕೊಂಡದ್ದರಿಂದ ಅದರ ಪ್ರಭೇದಗಳು ಹೆಚ್ಚಿದವು. 2014ರಲ್ಲಿ ಆರಂಭವಾದ ಕಾಮನ್‌ಮಾರ್ಕ್ ಪ್ರಯತ್ನವು ತಿರುಳಿನ ನಿಯಮಗಳನ್ನು ಖಚಿತಪಡಿಸಿತಾದರೂ ಕೋಷ್ಟಕಗಳನ್ನು ಹೊರಗೇ ಬಿಟ್ಟಿತು. ಇಷ್ಟಾದರೂ ಹೊಸ ಯೋಜನೆಗಳು ಬಹುಪಾಲು ಮಾರ್ಕ್‌ಡೌನ್ ಕಡೆಗೇ ವಾಲುತ್ತವೆ. ಯೋಜನೆಯನ್ನು ಪರಿಚಯಿಸಲು ಮೊದಲ ದಿನ ಬರೆಯುವ ರೀಡ್‌ಮಿ ಕಡತಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಇನ್ನೂರು ಪುಟದ ಕೈಪಿಡಿಯ ಯೋಚನೆ ಆ ದಿನ ಯಾರಿಗೂ ಇರುವುದಿಲ್ಲ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಆ ಯೋಚನೆ ತಪ್ಪಿಸಿಕೊಳ್ಳಲಾಗದ್ದಾಗಿತ್ತು. ಅಲ್ಲಿ ಡಾಕ್‌ಬುಕ್ ಟೆಂಪ್ಲೇಟುಗಳು ಒಂದೆಡೆ, ಯಾವ ಫಾರ್ಮ್ಯಾಟಿಗೂ ಸೇರದ ಪಠ್ಯಕಡತಗಳು ಇನ್ನೊಂದೆಡೆ, ಸಿ ಭಾಷೆಯ ಕೋಡ್ ಕಡತಗಳೊಳಗಿನ ವಿವರಣಾ ಟಿಪ್ಪಣಿಗಳು ಮತ್ತೊಂದೆಡೆ ಬೆಳೆದಿದ್ದವು. ಆಸ್ಕಿಡಾಕ್ ಬಳಸುವ ಪ್ರಯೋಗವೂ ನಡೆದ ಬಳಿಕ, 2016ರ 4.8 ಆವೃತ್ತಿಯಲ್ಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಮತ್ತು ಅದನ್ನು ಪುಟವಾಗಿಸುವ ಸ್ಫಿಂಕ್ಸ್ ಎಂಬ ತಂತ್ರಾಂಶ ಒಳಬಂದವು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗೆಂದು ಹುಟ್ಟಿದ ಸ್ಫಿಂಕ್ಸ್‌ಗೆ ಸಿ ಫಂಕ್ಷನ್‌ಗಳನ್ನು ಹೆಸರಿನಿಂದ ಗುರುತಿಸಿ ಕೊಂಡಿ ಹಾಕುವುದು ತಿಳಿದಿತ್ತು. ನಿರ್ಮಾಣದ ಹಾದಿಯಲ್ಲಿ ಡಾಕ್‌ಬುಕ್ಕಿನ ನೆರವೂ ಬೇಕಿರಲಿಲ್ಲ. ಆದರೂ ಹಳೆಯ ಕಡತಗಳ ಪರಿವರ್ತನೆ ವರ್ಷಗಟ್ಟಲೆ ನಡೆಯಿತು, ಏಕೆಂದರೆ ಗುರುತುಗಳನ್ನು ಸ್ಕ್ರಿಪ್ಟ್ ಬದಲಿಸಬಲ್ಲದೇ ಹೊರತು ಯಾವ ಪುಟ ಯಾವ ಅಧ್ಯಾಯಕ್ಕೆ ಸೇರಬೇಕೆಂದು ನಿರ್ಧರಿಸಲಾರದು.

ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವ ಫ್ರೀಬಿಎಸ್‌ಡಿ ಯೋಜನೆ 2021ರಲ್ಲಿ ಡಾಕ್‌ಬುಕ್ ಬಿಟ್ಟು ಆಸ್ಕಿಡಾಕ್ ಸೇರಿತು. ಸ್ಫಿಂಕ್ಸ್‌ನ ಸೌಲಭ್ಯಗಳನ್ನು ಮಾರ್ಕ್‌ಡೌನ್‌ಗೇ ತಂದುಕೊಡುವ ಮಿಸ್ಟ್ ಎಂಬ ಪ್ರಭೇದವೂ ಈಗ ಬಳಕೆಯಲ್ಲಿದೆ. ಅದನ್ನು ಆರಿಸಿಕೊಂಡವರು ಕೋಷ್ಟಕ ಮತ್ತು ಅಡ್ಡಕೊಂಡಿಗಳನ್ನು ಪಡೆಯುತ್ತಾರಾದರೂ, ಅದೇ ಕಡತವನ್ನು ಮಿಸ್ಟ್ ಅರಿಯದ ಬೇರೆ ತಂತ್ರಾಂಶದಲ್ಲಿ ತೆರೆದರೆ ಆ ಗುರುತುಗಳು ಹಾಗೆಯೇ ಹಸಿಯಾಗಿ ಕಾಣಿಸಿಕೊಳ್ಳುತ್ತವೆ.