ಕಣಕಾಲಿನ ಹುಣ್ಣು ಯಾಕೆ ಮಾಯುವುದಿಲ್ಲ?

ದೊಡ್ಡಮ್ಮನ ಎಡಗಾಲಿನ ಹುಣ್ಣಿಗೆ ಆಗ ಮೂರು ವರ್ಷ. ಕಣಕಾಲಿನ ಒಳಮಗ್ಗುಲಲ್ಲಿ, ಗಂಟಿನಿಂದ ನಾಲ್ಕು ಬೆರಳು ಮೇಲೆ ಇತ್ತು ಅದು. ಶುರುವಾಗಿದ್ದು ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದುಕೊಂಡಿದ್ದರಿಂದ, ಅಷ್ಟೇ. ಬೆಳಗ್ಗೆ ಡ್ರೆಸ್ಸಿಂಗ್ ಬದಲಿಸುವ ಕೆಲಸ ನನ್ನದು. ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆಯುವಾಗ ಅವರು ಹಲ್ಲು ಕಚ್ಚಿ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಬಟ್ಟೆಯ ಜೊತೆ ಸಣ್ಣ ಸಣ್ಣ ಕೆಂಪು ಕಾಳಿನಂಥದ್ದು ಕಿತ್ತು ಬರುತ್ತಿತ್ತು. ಅದು ಕೊಳೆ ಅಂತ ನಾನು ಅಂದುಕೊಂಡಿದ್ದೆ. ಅದು ಗಾಯ ತುಂಬಲು ಹೊಸದಾಗಿ ಬೆಳೆಯುತ್ತಿದ್ದ ಮಾಂಸ. ಅದನ್ನೇ ದಿನಾ ಕೀಳುತ್ತಿದ್ದೆ ಅಂತ ಗೊತ್ತಾದಾಗ ತುಂಬ ಸಂಕಟವಾಯಿತು.

ಆ ಮೂರು ವರ್ಷದಲ್ಲಿ ಎಷ್ಟೋ ಮುಲಾಮು, ಎಷ್ಟೋ ಸಲ ಆಂಟಿಬಯೋಟಿಕ್ ಮಾತ್ರೆ ಆಗಿಹೋಗಿದ್ದವು. ಎಲ್ಲರೂ ಹುಣ್ಣನ್ನು ನೋಡಿದರು. ಕಾಲನ್ನು ಯಾರೂ ನೋಡಲಿಲ್ಲ. ಸಂಜೆಯಾದರೆ ಆ ಕಾಲು ಬಾತುಕೊಳ್ಳುತ್ತಿತ್ತು. ಮೀನಖಂಡದ ಹಿಂದೆ ನೀಲಿ ನರಗಳು ಸುರುಳಿ ಸುತ್ತಿಕೊಂಡು ಉಬ್ಬಿದ್ದವು. ನಾವು ಮಾತಿಗೆ ನರ ಅನ್ನುತ್ತೇವೆ, ನಿಜಕ್ಕೂ ಅವು ರಕ್ತನಾಳಗಳು. ದೊಡ್ಡಮ್ಮ ಟೀಚರ್ ಆಗಿದ್ದವರು. 30 ವರ್ಷ ನಿಂತೇ ಪಾಠ ಮಾಡಿದವರು. ಹುಣ್ಣಿನ ಮೂಲ ಇದ್ದದ್ದು ಅಲ್ಲೇ.

ಮೊಣಕಾಲಿನ ಕೆಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣುಗಳಿಗೆ ಹಲವು ಕಾರಣ ಇರಬಹುದು. ಕಾಲಿಗೆ ರಕ್ತ ತರುವ ನಾಳ ಕಟ್ಟಿಕೊಂಡಿರಬಹುದು. ಸಕ್ಕರೆ ಕಾಯಿಲೆ ಇರಬಹುದು. ಆದರೆ ಹೆಚ್ಚಿನವು ಬರುವುದು ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳು, ಅಂದರೆ ಅಭಿಧಮನಿಗಳು, ಸೋತಾಗ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ನಿಂತಿರುವ ಮನುಷ್ಯನ ಹೃದಯದಿಂದ ಕಣಕಾಲಿಗೆ ಸುಮಾರು 120 ಸೆಂಟಿಮೀಟರ್. ಅಷ್ಟೆತ್ತರದ ರಕ್ತದ ಕಂಬ ಕೆಳಗಿನ ನಾಳದ ಮೇಲೆ ಭಾರ ಹಾಕಿ ನಿಂತಿರುತ್ತದೆ. ಆ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು. ಸುಮ್ನೆ ನಿಂತರೆ ಯಾರಿಗಾದರೂ ಇಷ್ಟು ಒತ್ತಡ ಬೀಳುತ್ತದೆ. ನಡೆದರೆ ಮಾತ್ರ ಚಿತ್ರ ಬದಲಾಗುತ್ತದೆ. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಬಿಗಿದು ಒಳಗಿನ ನಾಳಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ನಾಳದೊಳಗೆ ಅಲ್ಲಲ್ಲಿ ತೆಳ್ಳನೆಯ ಕವಾಟಗಳಿವೆ. ಮೇಲೆ ಹೋದ ರಕ್ತ ಕೆಳಕ್ಕೆ ಬಾರದಂತೆ ಅವು ಮುಚ್ಚಿಕೊಳ್ಳುತ್ತವೆ. ಹೀಗಾಗಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಣಕಾಲಿನ ಒತ್ತಡ 30ರ ಆಸುಪಾಸಿಗೆ ಇಳಿದಿರುತ್ತದೆ. ಮೀನಖಂಡವನ್ನು ಎರಡನೇ ಹೃದಯ ಅನ್ನುವುದು ಇದಕ್ಕೇ.

ಕವಾಟ ಹಾಳಾದರೆ ಹಿಂಡಿದ ರಕ್ತ ಮತ್ತೆ ಜಾರಿ ಕೆಳಗೇ ಬರುತ್ತದೆ. ನಡೆದರೂ ಒತ್ತಡ ಇಳಿಯುವುದಿಲ್ಲ. ಹಗಲೆಲ್ಲ, ವರ್ಷಗಟ್ಟಲೆ ಇದೇ ಸ್ಥಿತಿ. ಆಗ ಸಣ್ಣ ಸಣ್ಣ ನಾಳಗಳಿಂದ ನೀರು ಒಸರುತ್ತದೆ, ಕಾಲು ಬಾಯುತ್ತದೆ. ಕೆಂಪು ರಕ್ತಕಣಗಳೂ ಹೊರಗೆ ನುಸುಳಿ ಒಡೆಯುತ್ತವೆ. ಅವುಗಳಲ್ಲಿದ್ದ ಕಬ್ಬಿಣ ಚರ್ಮದಲ್ಲೇ ಉಳಿದು ಕಂದು ಬಣ್ಣ ಕಟ್ಟುತ್ತದೆ. ದೊಡ್ಡಮ್ಮ ಈ ಕಲೆಯನ್ನು ಕೊಳೆ ಅಂದುಕೊಂಡು ಸ್ನಾನ ಮಾಡುವಾಗ ಉಜ್ಜುತ್ತಿದ್ದರು. ಚರ್ಮ ಬರಬರುತ್ತಾ ಮರದ ಹಲಗೆಯಂತೆ ಗಟ್ಟಿಯಾಗುತ್ತದೆ, ತುರಿಸುತ್ತದೆ. ಅಂಥ ಚರ್ಮಕ್ಕೆ ಒಂದು ಗೀರು ಬಿದ್ದರೂ ಸಾಕು.

ಸಾಮಾನ್ಯ ಗಾಯ ಒಂದು ಕ್ರಮದಲ್ಲಿ ಮಾಯುತ್ತದೆ. ರಕ್ತ ನಿಲ್ಲುತ್ತದೆ, ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ, ಆಮೇಲೆ ಹೊಸ ಮಾಂಸ, ಹೊಸ ಚರ್ಮ. ಈ ಹುಣ್ಣು ಕಸ ಗುಡಿಸುವ ಹಂತದಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಸತ್ತ ಅಂಗಾಂಶವನ್ನು ಕರಗಿಸಬೇಕಾದ ಕಿಣ್ವಗಳು ಜಾಸ್ತಿಯಾಗಿ, ಹೊಸದಾಗಿ ಕಟ್ಟಿದ್ದನ್ನೂ ಕರಗಿಸುತ್ತವೆ. ಒತ್ತಡ ಇಳಿಸದೆ ಮೇಲೆ ಎಷ್ಟು ಮುಲಾಮು ಸವರಿದರೂ ಏನು ಫಲ? ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಒತ್ತಡ ಇಳಿಸುವ ದಾರಿ ಹಳೆಯದು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯ ಶಸ್ತ್ರವೈದ್ಯ ರಿಚರ್ಡ್ ವೈಸ್‌ಮನ್ 17ನೇ ಶತಮಾನದಲ್ಲೇ ಇಂಥ ಹುಣ್ಣಿಗೂ ಉಬ್ಬಿದ ರಕ್ತನಾಳಕ್ಕೂ ನಂಟಿದೆ ಅಂತ ಗುರುತಿಸಿದ್ದ. ಲಾಡಿ ಎಳೆದು ಬಿಗಿಯುವ ಚರ್ಮದ ಕಾಲುಚೀಲವನ್ನು ರೋಗಿಗಳಿಗೆ ತೊಡಿಸುತ್ತಿದ್ದ. ಇವತ್ತಿಗೂ ಚಿಕಿತ್ಸೆಯ ತಿರುಳು ಅದೇ. ಹೊರಗಿನಿಂದ ಹದವಾಗಿ ಬಿಗಿದು ಕಟ್ಟಬೇಕು. ಕಣಕಾಲಿನ ಹತ್ತಿರ ಸುಮಾರು 40 ಮಿಲಿಮೀಟರ್ ಒತ್ತಡ, ಮೇಲೆ ಹೋದಂತೆ ಕಡಿಮೆ.

ಕಟ್ಟು ಕಟ್ಟುವುದನ್ನು ನಾನು ಮೊದಲ ಸಲ ನೋಡಿದ್ದು ಒಬ್ಬ ನರ್ಸ್ ಕೈಯಲ್ಲಿ. ಪಾದವನ್ನು ನೆಟ್ಟಗೆ, ಕಾಲಿಗೆ ಲಂಬವಾಗಿ ಇಡಲು ಹೇಳಿದರು. ಮೊದಲು ಮೆತ್ತನೆಯ ಹತ್ತಿಯ ಪದರ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ಚೂಪಾಗಿದೆಯಲ್ಲ, ಅಲ್ಲಿಗೆ ಜಾಸ್ತಿ ಹತ್ತಿ. ಅದರ ಮೇಲೆ ಕ್ರೇಪ್, ಆಮೇಲೆ ಎಲಾಸ್ಟಿಕ್, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಕಾಲ್ಬೆರಳ ಬುಡದಿಂದ ಹಿಡಿದು, ಹಿಮ್ಮಡಿಯನ್ನೂ ಮುಚ್ಚಿ, ಮೊಣಕಾಲಿನ ಕೆಳಗಿನವರೆಗೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುತ್ತಾ ಹೋಯಿತು. ಎಳೆತ ಎಲ್ಲ ಕಡೆ ಒಂದೇ. ‘ಕೆಳಗಡೆ ಜಾಸ್ತಿ ಬಿಗಿ ಬೇಡ್ವಾ?’ ಅಂತ ಕೇಳಿದೆ. ‘ಬೇಡ, ಕಾಲೇ ಅದನ್ನ ನೋಡ್ಕೊಳ್ಳುತ್ತೆ’ ಅಂದರು.

ಅವರ ಮಾತಿನ ಹಿಂದೆ ಲಪ್ಲಾಸ್ ನಿಯಮ ಇದೆ. ಒಂದೇ ಎಳೆತದಲ್ಲಿ ಸುತ್ತಿದ ಪಟ್ಟಿ ಸಣ್ಣ ಸುತ್ತಳತೆಯ ಕಡೆ ಜಾಸ್ತಿ ಒತ್ತುತ್ತದೆ, ದಪ್ಪ ಇರುವ ಕಡೆ ಕಡಿಮೆ. ಕಣಕಾಲು ಸಪೂರ, ಮೀನಖಂಡ ದಪ್ಪ. ಹಾಗಾಗಿ ನಮಗೆ ಬೇಕಾದ ಇಳಿಜಾರು ಒತ್ತಡ ತಾನಾಗಿಯೇ ಸಿಗುತ್ತದೆ. ಕಾಲು ತೀರಾ ಸಣಕಲಾಗಿದ್ದರೆ ಅದೇ ಪಟ್ಟಿ ಅಪಾಯದಷ್ಟು ಒತ್ತಬಹುದು. ಕಲಿತವರೇ ಕಟ್ಟಬೇಕು ಅನ್ನುವುದು ಇದಕ್ಕಾಗಿ. ಕೆಲವರಿಗೆ ಪಟ್ಟಿಯ ಬದಲು ಎರಡು ಪದರದ ಬಿಗಿ ಸ್ಟಾಕಿಂಗ್ಸ್ ಆಗುತ್ತದೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಸುಮಾರು 14 ವಾರದಲ್ಲಿ, ಹುಣ್ಣು ಮಾಯಿಸಿದವು.

ಆದರೆ ಕಟ್ಟುವ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಇದನ್ನು ದಯವಿಟ್ಟು ಮರೆಯಬೇಡಿ. ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿ ಪಟ್ಟಿ ಕಾಲನ್ನೇ ತೆಗೆಯಬೇಕಾದ ಸ್ಥಿತಿಗೆ ತರಬಹುದು. ಶಬ್ದತರಂಗದಿಂದ ರಕ್ತದ ಹರಿವನ್ನು ಪತ್ತೆಹಚ್ಚುವ ಡಾಪ್ಲರ್ ಎಂಬ ಉಪಕರಣ ಇಟ್ಟು ಕಣಕಾಲಿನ ರಕ್ತದೊತ್ತಡವನ್ನೂ ತೋಳಿನ ರಕ್ತದೊತ್ತಡವನ್ನೂ ಅಳೆಯುತ್ತಾರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. 1ರ ಹತ್ತಿರ ಇದ್ದರೆ ಸರಿ. 0.8ಕ್ಕಿಂತ ಕೆಳಗಿದ್ದರೆ ಪೂರ್ತಿ ಬಿಗಿ ಕಟ್ಟಬಾರದು. 0.5ಕ್ಕಿಂತ ಕೆಳಗಿದ್ದರೆ ಪಟ್ಟಿಯ ಮಾತೇ ಇಲ್ಲ, ತಡಮಾಡದೆ ರಕ್ತನಾಳದ ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇದ್ದವರ ನಾಳಗಳು ಗಡಸಾಗಿ ಈ ಅಂಕಿ ಸುಳ್ಳು ಹೇಳಬಹುದು. ಆಗ ಕಾಲ್ಬೆರಳಿನಲ್ಲಿ ಅಳೆಯುತ್ತಾರೆ. ಹೃದಯ ಸೋತಿರುವವರಿಗೂ ವೈದ್ಯರು ಯೋಚಿಸಿಯೇ ಕಟ್ಟುತ್ತಾರೆ.

ಇನ್ನು ಹುಣ್ಣಿನ ಮೇಲೆ ಏನು ಹಾಕಬೇಕು? ಗಾಯಕ್ಕೆ ಗಾಳಿ ಬಿಡಬೇಕು, ಒಣಗಿಸಬೇಕು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಯ ಚರ್ಮದ ಮೇಲೆ ಪ್ರಯೋಗ ಮಾಡಿ ಬೇರೆಯದನ್ನೇ ತೋರಿಸಿದರು. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಹರಡಿತ್ತು. ಒಣಗಿದ ಹಕ್ಕಳೆ ಇದ್ದರೆ ಚರ್ಮದ ಕೋಶಗಳು ಅದರಡಿ ತೂರಿಕೊಂಡು ದಾರಿ ಮಾಡಿಕೊಳ್ಳಬೇಕು. ತೇವ ಇದ್ದರೆ ಮೇಲೆಯೇ ಜಾರಿ ಹೋಗುತ್ತವೆ. ಹಾಗಂತ ನೀರು ನಿಲ್ಲಬಾರದು, ಸುತ್ತಲ ಚರ್ಮ ನೆನೆದು ಬೆಳ್ಳಗಾಗಿ ಕೊಳೆಯುತ್ತದೆ. ಹೆಚ್ಚಿನ ರಸಿಕೆಯನ್ನು ಹೀರಿಕೊಂಡು, ಗಾಯಕ್ಕೆ ಅಂಟದೆ ಕೂರುವ ಸಾಧಾರಣ ಡ್ರೆಸ್ಸಿಂಗ್ ಸಾಕು. ತೊಳೆಯಲು ಕುಡಿಯಲು ಯೋಗ್ಯವಾದ ಶುದ್ಧ ನೀರು ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದನ್ನು ನೋಡಿ ಖುಷಿಯಾಗುತ್ತದೆ, ಆದರೆ ಅದು ಹೊಸ ಕೋಶಗಳನ್ನೂ ಸುಡುತ್ತದೆ. ಇಂಥ ಕಾಲಿನ ಚರ್ಮಕ್ಕೆ ಅಲರ್ಜಿಯೂ ಬೇಗ. ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಇರುವ ಮುಲಾಮಿನಿಂದಲೇ ಸುತ್ತ ಕೆಂಪಾಗಿ ತುರಿಸುವುದುಂಟು.

ಆಂಟಿಬಯೋಟಿಕ್ ಬಗ್ಗೆಯೂ ಒಂದು ಮಾತು. ಹಳೆಯ ಹುಣ್ಣಿನಿಂದ ಸ್ವಾಬ್ ತೆಗೆದು ಲ್ಯಾಬಿಗೆ ಕೊಟ್ಟರೆ ಯಾವುದಾದರೂ ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ಅವು ಅಲ್ಲಿ ಬಿಡಾರ ಹೂಡಿರುತ್ತವೆ, ಅಷ್ಟೇ. ಕೆಂಪು ಹರಡುತ್ತಿದ್ದರೆ, ಕಾಲು ಬಿಸಿಯಾಗಿದ್ದರೆ, ಜ್ವರ ಬಂದರೆ, ನೋವು ದಿಢೀರ್ ಏರಿದರೆ ಮಾತ್ರೆ ಬೇಕು. ರಿಪೋರ್ಟಿನಲ್ಲಿ ಹೆಸರು ಬಂತು ಅನ್ನುವ ಒಂದೇ ಕಾರಣಕ್ಕೆ ಬೇಡ.

ಸೋತ ನಾಳವನ್ನೇ ಸರಿಪಡಿಸಲು ಆಗುವುದಿಲ್ಲವೇ? ಚರ್ಮದ ಹತ್ತಿರದ ನಾಳ ಹಾಳಾಗಿದ್ದರೆ ಅದನ್ನು ಮುಚ್ಚಿಬಿಡಬಹುದು. ಸೂಜಿಯ ಮೂಲಕ ಸಣ್ಣ ತಂತು ಒಳಗಿಳಿಸಿ ಲೇಸರ್ ಅಥವಾ ರೇಡಿಯೋ ತರಂಗದ ಕಾವಿನಿಂದ ಮುಚ್ಚುತ್ತಾರೆ. ರಕ್ತ ಬೇರೆ ಒಳ್ಳೆಯ ನಾಳ ಹಿಡಿದು ಹೋಗುತ್ತದೆ. ಬ್ರಿಟನ್ನಿನಲ್ಲಿ 450 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿಯ ಜೊತೆಗೆ ಇದನ್ನು ಬೇಗನೇ ಮಾಡಿದವರ ಹುಣ್ಣು ಮಾಯಲು ಹಿಡಿದದ್ದು 56 ದಿನ. ತಡವಾಗಿ ಮಾಡಿದವರಿಗೆ 82 ದಿನ. ಇವು ಮಧ್ಯಾಂಕಗಳು, ಅಂದರೆ ಅರ್ಧದಷ್ಟು ಜನರ ಹುಣ್ಣು ಮಾಯುವಷ್ಟರಲ್ಲಿ ಕಳೆದ ದಿನಗಳು. ಒಬ್ಬೊಬ್ಬರಿಗೆ ಒಂದೊಂದು ಥರ. ವರ್ಷಗಟ್ಟಲೆ ಕಾದು ಕೂರುವ ಬದಲು ಮೊದಲೇ ನಾಳದ ಸ್ಕ್ಯಾನ್ ಮಾಡಿಸಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಸರಿಯಾಗಿ ಕಟ್ಟಿದ ಮೇಲೆ ನಾಲ್ಕು ವಾರಕ್ಕೊಮ್ಮೆ ಹುಣ್ಣನ್ನು ಅಳೆದು ಬರೆದಿಡಿ. ಚಿಕ್ಕದಾಗುತ್ತಿದ್ದರೆ ದಾರಿ ಸರಿ ಇದೆ. ಮೂರು ತಿಂಗಳಾದರೂ ಕದಲದಿದ್ದರೆ, ಅಂಚು ಸುರುಳಿಯಾಗಿ ಮೇಲೆದ್ದಿದ್ದರೆ, ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಅಪರೂಪಕ್ಕೆ ಹಳೆಯ ಹುಣ್ಣಿನಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ.

ದೊಡ್ಡಮ್ಮನಿಗೆ ಮೊದಲ ವಾರ ಕಟ್ಟು ಭಾರ ಅನ್ನಿಸಿತು. ಎರಡನೇ ವಾರ ಊತ ಇಳಿಯಿತು, ನೋವೂ ಇಳಿಯಿತು. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಮಲಗಿದಾಗ ದಿಂಬಿನ ಮೇಲೆ ಕಾಲು ಎತ್ತರಿಸುವುದು ಅಭ್ಯಾಸವಾಯಿತು. ಐದನೇ ತಿಂಗಳಲ್ಲಿ ಹುಣ್ಣಿದ್ದ ಜಾಗ ಮುಚ್ಚಿತ್ತು. ಹೊಸ ಚರ್ಮ ಗುಲಾಬಿ ಬಣ್ಣ, ಈರುಳ್ಳಿ ಸಿಪ್ಪೆಯಷ್ಟು ತೆಳು. ಕವಾಟ ಮಾತ್ರ ಹಳೆಯದೇ. ಅದಕ್ಕೇ ಈಗಲೂ ಬೆಳಗ್ಗೆ ಎದ್ದು ಕಾಲು ನೆಲಕ್ಕೆ ಇಡುವ ಮೊದಲೇ, ಊತ ಶುರುವಾಗುವ ಮುಂಚೆ, ಹಾಸಿಗೆಯಲ್ಲೇ ಕೂತು ಸ್ಟಾಕಿಂಗ್ಸ್ ಏರಿಸಿಕೊಳ್ಳುತ್ತಾರೆ. ಹಿಮ್ಮಡಿ ದಾಟಿಸುವುದು ಕಷ್ಟ. ಅಷ್ಟಕ್ಕೆ ನನ್ನನ್ನು ಕೂಗುತ್ತಾರೆ.