ನಡವಳಿಕೆ ಕಲಿಸ್ತೀವಿ ಅಂತ ಶಾಲೆಯವರು ಹೇಳಿದ್ರೆ ಅದು ಶಿಕ್ಷೆಯಾ?

ಪ್ರಶ್ನೆ: ನನ್ನ ಮಗ ಎರಡನೇ ಕ್ಲಾಸು. ಪಕ್ಕದವರನ್ನು ತಳ್ಳುತ್ತಾನೆ, ಪಾಠದ ಮಧ್ಯೆ ಎದ್ದು ಓಡಾಡುತ್ತಾನಂತೆ. ನಡವಳಿಕೆ ಕಲಿಸುವ ಕಾರ್ಯಕ್ರಮಕ್ಕೆ ಸೇರಿಸುತ್ತೇವೆ ಎಂದು ಶಾಲೆಯವರು ಹೇಳಿದ್ದಾರೆ. ‘ತರಲೆ ಹುಡುಗ’ ಎಂಬ ಹಣೆಪಟ್ಟಿ ಬೀಳುತ್ತಾ? ಇದರಿಂದ ಉಪಯೋಗ ಇದೆಯಾ?

ಉತ್ತರ: ಸರಿಯಾಗಿ ಮಾಡಿದರೆ ಅದು ಶಿಕ್ಷೆ ಅಲ್ಲ, ಪಾಠ. ಲೆಕ್ಕ ಬಾರದ ಮಗುವಿಗೆ ಲೆಕ್ಕ ಹೇಳಿಕೊಡುತ್ತೇವೆ. ಸರದಿಗೆ ಕಾಯಲು ಬಾರದ ಮಗುವಿಗೆ ಮಾತ್ರ ಯಾಕೋ ಬೈಯುತ್ತೇವೆ, ಅಲ್ವಾ?

ಇಂಥ ಬಹಳಷ್ಟು ಕಾರ್ಯಕ್ರಮಗಳು ಶುರುವಾಗುವುದು ಒಂದು ಮಗುವಿನಿಂದಲ್ಲ, ಇಡೀ ತರಗತಿಯಿಂದ. ನನಗೆ ತುಂಬಾ ಇಷ್ಟವಾದದ್ದು ‘ಗುಡ್ ಬಿಹೇವಿಯರ್ ಗೇಮ್’. 1969ರಲ್ಲಿ ಅಮೆರಿಕದ ನಾಲ್ಕನೇ ತರಗತಿಯೊಂದರಲ್ಲಿ ಇದನ್ನು ಪರೀಕ್ಷಿಸಿದ ವರದಿ ಬಂತು. ಮಕ್ಕಳದ್ದು ಎರಡು ತಂಡ. ಯಾರಾದರೂ ಸುಮ್ಮನೆ ಎದ್ದು ಓಡಾಡಿದರೆ, ಗಲಾಟೆ ಮಾಡಿದರೆ ಆ ತಂಡದ ಹೆಸರಿನ ಕೆಳಗೆ ಬೋರ್ಡಿನ ಮೇಲೆ ಒಂದು ಗೆರೆ. ಗೆರೆ ಕಡಿಮೆ ಇದ್ದ ತಂಡ ಗೆದ್ದಂತೆ. ಎರಡೂ ತಂಡಗಳ ಗೆರೆಗಳು ಮಿತಿಯೊಳಗೇ ಇದ್ದರೆ ಇಬ್ಬರೂ ಗೆದ್ದಂತೆ. ಗಮ್ಮತ್ತು ಇರುವುದು ಇಲ್ಲೇ. ನಿನ್ನೆ ತನಕ ತರಲೆಗೆ ನಗುತ್ತಿದ್ದ ಗೆಳೆಯರು ಇವತ್ತು ‘ಏಯ್, ಕೂತ್ಕೊಳೋ’ ಅನ್ನುತ್ತಾರೆ. ನಗುವವರೇ ಇಲ್ಲದ ಮೇಲೆ ತರಲೆಗೆ ರುಚಿ ಎಲ್ಲಿ?

1980ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲೂ ಇದೇ ಆಟ ಆಡಿಸಿ, ಆ ಮಕ್ಕಳು ದೊಡ್ಡವರಾದ ಮೇಲೂ ವಿಚಾರಿಸಿದರು. ಚಿಕ್ಕಂದಿನಲ್ಲಿ ಜಾಸ್ತಿ ಹೊಡೆದಾಡುತ್ತಿದ್ದ ಗಂಡುಮಕ್ಕಳಲ್ಲಿ, ಆಟ ಆಡಿದವರು ಮುಂದೆ ಮಾದಕ ವಸ್ತುಗಳ ದಾರಿ ಹಿಡಿದದ್ದು ಕಡಿಮೆ.

‘ಇದೆಲ್ಲಾ ಮಾಡ್ತಾ ಕೂತ್ರೆ ಓದು ಹಾಳಾಗಲ್ವಾ?’ ಎಂಬ ಭಯ ಬೇಡ. ಭಾವನೆಗಳನ್ನು ನಿಭಾಯಿಸುವುದು, ಇತರರ ಜೊತೆ ಹೊಂದಿಕೊಳ್ಳುವುದು ಇಂಥದ್ದನ್ನು ಶಾಲೆಯಲ್ಲಿ ಕಲಿಸುವ 213 ಕಾರ್ಯಕ್ರಮಗಳನ್ನು ಒಟ್ಟಿಗೆ ನೋಡಿದ 2011ರ ಅಧ್ಯಯನದಲ್ಲಿ, ಅಂಕಗಳ ವಿವರ ಸಿಕ್ಕ ಕಡೆಯೆಲ್ಲಾ ಸೇರಿಸಿ ನೋಡಿದರೆ ಓದು ಸುಧಾರಿಸಿತ್ತು.

ಎಲ್ಲರಿಗೂ ಹೇಳಿಕೊಟ್ಟದ್ದು ಸಾಲದೆ ಹೋದ ಕೆಲವು ಮಕ್ಕಳಿಗೆ ಸಣ್ಣ ಗುಂಪಿನ ಅಭ್ಯಾಸ, ಇನ್ನೂ ಕೆಲವರಿಗೆ ಒಬ್ಬೊಬ್ಬರಿಗೇ ಹೊಂದುವ ಯೋಜನೆ ಇರುತ್ತದೆ. ನಿಮ್ಮ ಮಗನನ್ನು ಇಲ್ಲಿಗೆ ಸೇರಿಸುತ್ತಿದ್ದರೆ ಶಾಲೆಯವರನ್ನು ಒಂದು ಮಾತು ಕೇಳಿ: ‘ತಳ್ಳಿದಾಗ ಅವನಿಗೆ ಏನು ಸಿಗುತ್ತದೆ?’ ಓದಲು ಕಷ್ಟವಾಗಿ ತಳ್ಳುವ ಮಗುವನ್ನು ಹೊರಗೆ ನಿಲ್ಲಿಸಿದರೆ ಅದು ಶಿಕ್ಷೆಯೇ ಅಲ್ಲ, ಬಹುಮಾನ! ಪಾಠ ತಪ್ಪಿತಲ್ಲ. ಅವನಿಗೆ ಬೇಕಾದದ್ದು ‘ನಂಗೆ ಗೊತ್ತಾಗ್ಲಿಲ್ಲ, ಹೇಳ್ಕೊಡಿ’ ಎಂದು ಕೇಳುವ ಅಭ್ಯಾಸ, ಜೊತೆಗೆ ಓದಿಗೆ ಸಹಾಯ. ಗೆಳೆಯರ ಜೊತೆ ಸೇರಲು ಬಾರದೆ ತಳ್ಳುವವನಿಗೆ ‘ನಾನೂ ಆಡ್ಲಾ?’ ಅನ್ನುವುದನ್ನು ಕಲಿಸಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತಳ್ಳಾಟ. ಈ ಪ್ರಶ್ನೆಗೆ ಶಾಲೆಯಲ್ಲಿ ಉತ್ತರ ಇಲ್ಲದಿದ್ದರೆ ನಾನಾದರೆ ಸ್ವಲ್ಪ ಅನುಮಾನ ಪಡುತ್ತೇನೆ.

ಮನೆಗೆ ದಿನಾ ಒಂದು ಕಾರ್ಡ್ ಬರಬಹುದು. ಅದರಲ್ಲಿ ಎರಡೋ ಮೂರೋ ಗುರಿ, ಅವತ್ತು ಅದನ್ನು ಎಷ್ಟು ಮಾಡಿದ ಎಂಬ ಗುರುತು. ದಯವಿಟ್ಟು ಅದನ್ನು ಬೈಯುವ ಚೀಟಿ ಮಾಡಬೇಡಿ. ಮೂರನೇ ದಿನಕ್ಕೆ ಅದು ಬ್ಯಾಗಿನಲ್ಲೇ ಕಳೆದುಹೋಗಿರುತ್ತದೆ. ‘ಜಾಣಮರಿ’ ಎನ್ನುವ ಬದಲು ‘ಇವತ್ತು ನಿನ್ನ ಸರದಿ ಬರೋವರೆಗೂ ಕಾದ್ಯಂತೆ’ ಅನ್ನಿ. ನಾಳೆ ಏನು ಮಾಡಬೇಕು ಅಂತ ಆಗ ಅವನಿಗೆ ಗೊತ್ತಿರುತ್ತದೆ.